ಕಡಬದ ಏರಿ ಇಳಿದ ಮೇಲೆ ಕೇಳಿದ ಬೆಲ್

ದೆವ್ವ, ಗಾಳಿ, ಸೋಕು, ಮೈಮೇಲೆ ಬರುವುದು, ಇವೆಲ್ಲ ಕೈಯಲ್ಲಿ ಕೆಲಸ ಇಲ್ಲದವರ ಮಾತು ಎಂದು ಅರವತ್ತು ವರ್ಷ ಹೇಳಿಕೊಂಡು ಬಂದವಳು ನಾನು. ನಮ್ಮ ಬೀದಿಯಲ್ಲಿ ಒಬ್ಬಳಿಗೆ ಅಮಾವಾಸ್ಯೆಗೊಂದು ಸಲ ಮೈಮೇಲೆ ಬರುತ್ತಿತ್ತು. ಎಲ್ಲರೂ ಕೈಮುಗಿದು ನಿಂತಿದ್ದಾಗ ನಾನು ಒಂದು ಕೊಡ ತಣ್ಣೀರು ತಂದು ಅವಳ ತಲೆ ಮೇಲೆ ಸುರಿದಿದ್ದೆ. ಆಮೇಲೆ ಅವಳಿಗೆ ಬರಲಿಲ್ಲ. ಬಂದಿದ್ದರೂ ನಾನಿದ್ದ ಕಡೆ ಬರಲಿಲ್ಲ. ಯಾರಾದರೂ ‘ನಾನೇ ಕಣ್ಣಾರೆ ಕಂಡೆ’ ಎಂದರೆ ‘ಕನ್ನಡಕ ಹಾಕ್ಕೊಂಡಿದ್ಯಾ?’ ಎಂದು ಕೇಳುತ್ತಿದ್ದೆ. ಈಗ ಹಾಗೆ ಕೇಳುವ ಬಾಯಿ ನನಗಿಲ್ಲ.

ಬರೆಯುತ್ತಿರುವುದು ನಾಲ್ಕು ವರ್ಷದ ಹಿಂದಿನ ವಿಷಯ. ರಾತ್ರಿಯದ್ದಲ್ಲ, ಮಟಮಟ ಮಧ್ಯಾಹ್ನದ್ದು. ನಾನು ಓದಿದ್ದು ಏಳನೇ ಕ್ಲಾಸು. ಚೆಂದ ಮಾಡಿ ಬರೆಯಲು ಬರುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ಓದಿದವರಿಗೆ ಬೇರೆ ಏನಾದರೂ ಹೊಳೆದರೆ ಒಳ್ಳೆಯದೇ.

ಮೊದಲು ಗಂಗಮ್ಮ ಯಾರು ಎಂದು ಹೇಳಬೇಕು. ಪೂರ್ತಿ ಹೆಸರು ಸಿದ್ದಗಂಗಮ್ಮ. ನಾವಿಬ್ಬರೂ ಊರ್ಡಿಗೆರೆ ಕಡೆಯ ಒಂದೇ ಹಳ್ಳಿಗೆ ಸೊಸೆಯರಾಗಿ ಬಂದವರು. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಬೆಳಗಿನ ಶಿಫ್ಟ್ ಆರು ಗಂಟೆಗೆ, ಆ ಹೊತ್ತಿಗೆ ಬಸ್ಸಿಲ್ಲ. ಹಾಗಾಗಿ ಸೈಕಲ್ ಕಲಿತೆವು. ಊರಿನ ಗಂಡಸರು ‘ಹೆಂಗಸರು ಸೀರೆ ಉಟ್ಕೊಂಡು ಸರ್ಕಸ್ಸಿಗೆ ಹೊರಟ್ರು’ ಎಂದು ನಗಾಡಿದರು. ನಗಾಡಿದವರ ಹೆಂಡತಿಯರೇ ಆಮೇಲೆ ನಮ್ಮ ಹತ್ತಿರ ಸೈಕಲ್ ಕಲಿತರು. ಇಪ್ಪತ್ತೆರಡು ವರ್ಷ ಹಾಗೆ ಹೋಗಿಬಂದೆವು. ನಾನು ಮುಂದೆ, ಅವಳು ಹಿಂದೆ.

ಚಳಿಗಾಲದಲ್ಲಿ ಆ ರಸ್ತೆಯಲ್ಲಿ ಮಂಜು ಎಷ್ಟೆಂದರೆ ನಮ್ಮ ಸೈಕಲ್ಲಿನ ಚಕ್ರವೇ ನಮಗೆ ಕಾಣುತ್ತಿರಲಿಲ್ಲ. ಲಾರಿ ಓಡಾಡುವ ರಸ್ತೆ. ಹಿಂದಕ್ಕೆ ತಿರುಗಿ ನೋಡಿದರೆ ಹ್ಯಾಂಡಲ್ ವಾಲಿ ಲಾರಿಯ ಕೆಳಗೇ. ಅದಕ್ಕೆ ನಾವೊಂದು ಕ್ರಮ ಮಾಡಿಕೊಂಡಿದ್ದೆವು. ಮುಂದಿನವಳು ಆಗಾಗ ಎರಡು ಸಲ ಬೆಲ್ ಹೊಡೆಯಬೇಕು. ಹಿಂದಿನವಳು ಒಂದು ಸಲ ಹೊಡೆದು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಮುಂದಿನವಳು ಅಲ್ಲೇ ಕಾಲು ಕೆಳಗಿಟ್ಟು ಸೈಕಲ್ ತಿರುಗಿಸಬೇಕು. ಒಂದು ಸಲ ಹೀಗೇ ಉತ್ತರ ಬರಲಿಲ್ಲ, ತಿರುಗಿ ಹೋದರೆ ಗಂಗಮ್ಮ ಚರಂಡಿಯಲ್ಲಿ ಬಿದ್ದಿದ್ದಳು. ಅವತ್ತು ಅವಳ ಬೆಲ್ಲಿಗೆ ಬಿರುಕು ಬಿತ್ತು. ಅಲ್ಲಿಂದಾಚೆಗೆ ಅದು ಟ್ರಿಣ್ ಎನ್ನುತ್ತಿರಲಿಲ್ಲ, ತಗಡಿನ ತಟ್ಟೆಗೆ ಚಮಚ ಬಡಿದ ಹಾಗೆ ಸದ್ದು ಮಾಡುತ್ತಿತ್ತು. ನೂರು ಸೈಕಲ್ ನಡುವೆಯೂ ನಾನದನ್ನು ಗುರುತಿಸುತ್ತಿದ್ದೆ. ಹೊಸದು ಹಾಕಿಸು ಎಂದರೆ ‘ಇದೇ ಇರ್ಲಿ ಬುಡು, ಕಳ್ರೂ ಮುಟ್ಟಲ್ಲ’ ಎನ್ನುತ್ತಿದ್ದಳು.

ಕೆಲಸ ಬಿಟ್ಟ ಮೇಲೆ ನಾನು ತುಮಕೂರಿನಲ್ಲಿ ಮಗನ ಮನೆಗೆ ಬಂದೆ. ಗಂಗಮ್ಮನೂ ಅದೇ ಬಡಾವಣೆಗೆ ಮಗಳು ಶೈಲಾಳ ಮನೆಗೆ ಬಂದಳು. ನನ್ನ ಮೊಮ್ಮಗಳು ಕಾವ್ಯ ಕಾಲೇಜಿನವರ ಜೊತೆ ಐದು ದಿನ ಸೈಕಲ್ ಪ್ರವಾಸ ಹೋಗಿಬಂದಳು. ಬಂದವಳು ಒಂದು ವಾರ ಅದೇ ಮಾತು. ಗೇರ್ ಇರುವ ಸೈಕಲ್, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಕೇಳಿ ಕೇಳಿ ಸಾಕಾಗಿ ನಾನು ‘ನೀವು ಐದು ದಿನ ತುಳಿದದ್ದು ನಮಗೆ ಒಂದು ವಾರದ ಡ್ಯೂಟಿ’ ಎಂದೆ. ‘ಅಜ್ಜಿ, ಆಗ ಆಯ್ತು, ಈಗ ಆಗಲ್ಲ’ ಎಂದು ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಅದೇ ಸಾಯಂಕಾಲ ಗಂಗಮ್ಮನ ಮನೆಗೆ ಹೋಗಿ ಮೂರು ದಿನದ ಪ್ರವಾಸ ಗಟ್ಟಿ ಮಾಡಿದೆ. ಮೊದಲ ದಿನ ಗುಬ್ಬಿ ಮೇಲೆ ಕಡಬ, ಎರಡನೇ ದಿನ ಒಳದಾರಿಯಲ್ಲಿ ಕುಣಿಗಲ್, ಮೂರನೇ ದಿನ ವಾಪಸ್ ತುಮಕೂರು. ಶೈಲಾ ಬೇಡವೇ ಬೇಡ ಎಂದಳು. ಗಂಗಮ್ಮನಿಗೆ ಸಕ್ಕರೆ ಕಾಯಿಲೆ, ದಿನಾ ಮಾತ್ರೆ ನುಂಗಬೇಕು. ‘ನಾನಿರ್ತೀನಲ್ಲ, ನಿಮ್ಮಮ್ಮನ್ನ ನಾನು ನೋಡ್ಕೋತೀನಿ’ ಎಂದೆ. ಈ ಮಾತು ನನ್ನ ಬಾಯಿಂದಲೇ ಬಂದದ್ದು. ಯಾರೂ ಹೇಳಿಸಿದ್ದಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲ. ಭಾನುವಾರ ಬೆಳಗ್ಗೆ ನಮ್ಮ ಹಳೆಯ ಸೈಕಲ್ಲುಗಳಲ್ಲೇ ಹೊರಟೆವು. ಮೊದಲ ದಿನ ಚೆನ್ನಾಗಿಯೇ ಹೋಯಿತು. ಗುಬ್ಬಿಯಲ್ಲಿ ಇಡ್ಲಿ ತಿಂದೆವು. ಹೋಟೆಲಿನವನು ಹೆಲ್ಮೆಟ್ ಹಾಕಿದ ಇಬ್ಬರು ಮುದುಕಿಯರನ್ನು ಕಂಡು ಫೋಟೋ ತೆಗೆದುಕೊಂಡ. ಸಂಜೆ ಹೊತ್ತಿಗೆ ಕಡಬ ಸೇರಿ ಗಂಗಮ್ಮನ ಓರಗಿತ್ತಿಯ ಮನೆಯಲ್ಲಿ ಮಲಗಿದೆವು. ಎರಡು ಫೋನನ್ನೂ ಕಾವ್ಯ ಕೊಟ್ಟಿದ್ದ ಪವರ್ ಬ್ಯಾಂಕಿಗೆ ಸಿಕ್ಕಿಸಿ ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಇದು ನಾನು ಮಾಡಿದ ಮೊದಲ ತಪ್ಪು.

ಎರಡನೇ ತಪ್ಪು ದೊಡ್ಡದು. ಗಂಗಮ್ಮನದು ಮಠಕ್ಕೆ ನಡೆದುಕೊಳ್ಳುವ ಮನೆ. ಸೋಮವಾರ ಒಪ್ಪತ್ತು ಇರುತ್ತಾಳೆ. ಸಂಜೆ ಪೂಜೆ ಆಗುವವರೆಗೆ ಅನ್ನ, ರೊಟ್ಟಿ ಮುಟ್ಟುವುದಿಲ್ಲ. ಮನೆಯಲ್ಲಾದರೆ ಹಾಲು ಹಣ್ಣು ತೆಗೆದುಕೊಂಡು ಕೂತಿರುತ್ತಾಳೆ. ಅವಳನ್ನು ಮೂವತ್ತು ವರ್ಷದಿಂದ ಬಲ್ಲ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಭಾನುವಾರ ಹೊರಟವರಿಗೆ ಮಾರನೇ ದಿನ ಸೋಮವಾರ ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಬೆಳಗ್ಗೆ ಓರಗಿತ್ತಿ ಬಿಸಿ ರೊಟ್ಟಿ ತಟ್ಟಿದಳು, ನಾನು ನಾಲ್ಕು ತಿಂದೆ. ಗಂಗಮ್ಮ ‘ಆಮೇಲೆ ತಿಂತೀನಿ’ ಎಂದು ಡಬ್ಬಿಗೆ ಹಾಕಿಸಿಕೊಂಡಳು. ಮಾತ್ರೆ ಮಾತ್ರ ನೀರು ಕುಡಿದು ನುಂಗಿದ್ದಳು. ಮಾತ್ರೆ ಬಿಟ್ಟರೆ ಮಗಳು ಬೈಯುತ್ತಾಳೆ, ಊಟ ಮಾಡಿದರೆ ಶಿವ ಬೈಯುತ್ತಾನೆ. ಇಬ್ಬರನ್ನೂ ಸಮಾಧಾನ ಮಾಡಲು ಹೋದಳು.

ಹೊರಡುವ ಹೊತ್ತಿಗೆ ಮತ್ತೊಂದಾಯಿತು. ಓರಗಿತ್ತಿಯ ಮನೆಯಿಂದ ಕಾಯಿ ತುಂಬಿದ ಗೂಡ್ಸ್ ಆಟೋ ಕುಣಿಗಲ್ಲಿಗೆ ಹೊರಟಿತ್ತು. ಗಂಗಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಸೈಕಲ್ ಅದ್ರ ಮೇಲೆ ಹಾಕ್ಕೊಂಡು ಹೋಗ್ಬುಡೋಣ್ವೇನೇ? ಯಾಕೋ ಕಾಲು ಸೋತಂಗಾಗೈತೆ.”

“ಕಾಲಲ್ಲ ಸೋತಿರೋದು, ಬುದ್ಧಿ. ಕಾಯಿ ಮೇಲೆ ನೀನೂ ಒಂದು ಕಾಯಿ ಆಗಿ ಕೂತ್ಕೋ. ಕಾವ್ಯಂಗೆ ಫೋಟೋ ಕಳಿಸ್ತೀನಿ, ನಕ್ಕೋತಾ ಇರ್ಲಿ.”

“ನಿನ್ ಮೊಮ್ಮಗಳು ನಗ್ತಾಳೆ ಅಂತ ನಾನು ಸಾಯ್ಲಾ?”

“ಸಾಯೋರು ಹಿಂಗೆಲ್ಲ ಮಾತಾಡಲ್ಲ. ಹತ್ತು ಹತ್ತು.”

“ಆಯ್ತು ನಡಿಯವ್ವ. ನಿನ್ ಹಿಂದೆ ತಿರುಗೋದು ನನ್ ಹಣೇಲಿ ಬರ್ದೈತೆ.”

ಓರಗಿತ್ತಿ ನಕ್ಕಳು. ಗಂಗಮ್ಮ ನಗಲಿಲ್ಲ. ನನಗೂ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಮುಂದೆ ಹೊರಟೆ.

ಹನ್ನೊಂದು ಗಂಟೆ ಆಗಿರಬಹುದು. ಕಡಬದ ಕೆರೆ ದೊಡ್ಡದು. ಏರಿಯ ಮೇಲೆ ಹೋಗುವಾಗ ಗಾಳಿ ಇತ್ತು, ಏರಿ ಇಳಿದ ಮೇಲೆ ಗಾಳಿ ನಿಂತು ಬಿಸಿಲಿನ ಕಾವು ಮುಖಕ್ಕೆ ಹೊಡೆಯಿತು. ಎರಡೂ ಕಡೆ ತೆಂಗಿನ ತೋಟ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ಒಂದು ಆಳಿಲ್ಲ. ನಾನು ಎರಡು ಸಲ ಬೆಲ್ ಹೊಡೆದೆ. ಹಿಂದಿನಿಂದ ಉತ್ತರ ಬಂತು. ಅದೇ ತಗಡಿನ ತಟ್ಟೆಯ ಸದ್ದು, ಒಂದೇ ಸಲ. ಕೋಪದಲ್ಲಿದ್ದರೂ ಕ್ರಮ ತಪ್ಪಿಸಿಲ್ಲ ಎಂದುಕೊಂಡು ತುಳಿದೆ.

ಸ್ವಲ್ಪ ದೂರ ಹೋದ ಮೇಲೆ ತೋಟ ಮುಗಿದು ರಾಗಿ ಕೊಯ್ದ ಬಯಲು ಬಂತು. ಅಲ್ಲಿ ಹೊಡೆದೆ. ಉತ್ತರ ಬಂತು. ಆಮೇಲೆ ರಸ್ತೆ ಪಕ್ಕದ ಒಂದು ಸಣ್ಣ ಗುಡಿ ದಾಟುವಾಗ ಹೊಡೆದೆ. ಆಗಲೂ ಬಂತು. ಹಿಂದೆ ತಿರುಗಿ ನೋಡಲಿಲ್ಲ. ಖಾಲಿ ರಸ್ತೆಯಲ್ಲಿ ನೋಡಬಹುದಿತ್ತು, ಲಾರಿಯ ಭಯವಿರಲಿಲ್ಲ. ಆದರೆ ಉತ್ತರ ಬಂದ ಮೇಲೆ ತಿರುಗುವ ಅಭ್ಯಾಸ ಕುತ್ತಿಗೆಗೇ ಇರಲಿಲ್ಲ. ಜೊತೆಗೆ, ನಾನೇ ಮೊದಲು ತಿರುಗಿ ನೋಡಿದರೆ ರಾಜಿಗೆ ಹೋದ ಹಾಗೆ ಆಗುತ್ತದೆ ಎಂಬ ಸೊಕ್ಕೂ ಇತ್ತು.

ನಾಲ್ಕನೇ ಸಲ ಒಂದು ಏರುದಾರಿಯಲ್ಲಿ ಹೊಡೆದೆ. ಈ ಸಲ ಉತ್ತರ ಎಷ್ಟು ಹತ್ತಿರದಿಂದ ಬಂತೆಂದರೆ ನನ್ನ ಕ್ಯಾರಿಯರ್‌ಗೆ ಅವಳ ಚಕ್ರ ತಾಗುತ್ತದೇನೋ ಅನ್ನಿಸಿತು. ಏರಿನಲ್ಲಿ ಗಂಗಮ್ಮ ಯಾವತ್ತೂ ಅಷ್ಟು ಹತ್ತಿರ ಬಂದವಳಲ್ಲ. “ಇಳೀತೇನೇ ಕೋಪ?” ಎಂದು ಕೇಳಿದೆ. ಮಾತಿಲ್ಲ. ಆ ಹೊತ್ತಿನಲ್ಲಿ ಅಷ್ಟು ಬಿಸಿಲಿನಲ್ಲೂ ನನ್ನ ಬೆನ್ನು ತಣ್ಣಗಾಯಿತು. ಮೋಡ ಮುಚ್ಚಿದಾಗ ಆಗುವ ಹಾಗೆ. ಮೋಡ ಇರಲಿಲ್ಲ. ಆಗ ಅದಕ್ಕೆ ಗಮನ ಕೊಡಲಿಲ್ಲ, ಬೆವರು ಆರಿರಬೇಕು ಎಂದುಕೊಂಡೆ.

ಏರು ಮುಗಿದಲ್ಲಿ ಒಂದು ಟೀ ಅಂಗಡಿ. ಸೈಕಲ್ ನಿಲ್ಲಿಸಿ, “ಎರಡು ಟೀ ಹಾಕಪ್ಪ” ಎಂದು ಹೇಳಿ ತಿರುಗಿದೆ. ಹಿಂದೆ ಯಾರೂ ಇಲ್ಲ.

ಆ ದಿಬ್ಬದ ಮೇಲಿಂದ ನಾನು ಬಂದ ರಸ್ತೆ ಗುಡಿಯವರೆಗೂ ಕಾಣುತ್ತದೆ. ನೆಟ್ಟಗಿನ ರಸ್ತೆ. ಅದರ ಮೇಲೆ ಒಂದು ನಾಯಿ ಕೂಡ ಇರಲಿಲ್ಲ.

“ಇನ್ನೊಬ್ರೆಲ್ಲಿ ಹೋದ್ರು?” ಎಂದು ಅಂಗಡಿಯವನನ್ನು ಕೇಳಿದೆ.

“ಯಾರಜ್ಜಿ? ನೀವೊಬ್ರೇ ಅಲ್ವಾ ಬಂದಿದ್ದು?”

“ನನ್ ಹಿಂದೇನೇ ಬಂದ್ಲಲ್ಲಪ್ಪ. ಈಗಿನ್ನೂ ಬೆಲ್ ಹೊಡೆದ್ಲು.”

“ಬೆಲ್ ಕೇಳಿಸ್ತು. ನೀವೇ ಎರಡು ಸಲ ಹೊಡೆದ್ರಿ. ಬೇರೆ ಯಾರೂ ಹೊಡೀಲಿಲ್ಲ ಕಣಜ್ಜಿ. ನಾನು ಇಲ್ಲೇ ನಿಂತು ನೋಡ್ತಾ ಇದೀನಿ.”

ಫೋನ್ ತೆಗೆದು ಗಂಗಮ್ಮನಿಗೆ ಹಚ್ಚಿದೆ. ನನ್ನ ಬ್ಯಾಗಿನೊಳಗೇ ಅವಳ ಫೋನ್ ಹೊಡೆದುಕೊಳ್ಳತೊಡಗಿತು. ಆಗ ಫೋನಿನಲ್ಲಿ ವಾರ ಕಾಣಿಸಿತು. ಸೋಮವಾರ. ಡಬ್ಬಿಗೆ ಹಾಕಿಸಿಕೊಂಡ ರೊಟ್ಟಿ ಕಣ್ಣ ಮುಂದೆ ಬಂತು, ನುಂಗಿದ ಮಾತ್ರೆ ಕಣ್ಣ ಮುಂದೆ ಬಂತು. ಟೀ ಅಲ್ಲೇ ಬಿಟ್ಟು ಸೈಕಲ್ ತಿರುಗಿಸಿದೆ.

ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಬೆಲ್ ಹೊಡೆದೆ. ಗುಡಿಯ ಹತ್ತಿರ ಹೊಡೆದೆ, ಬಯಲಿನಲ್ಲಿ ಹೊಡೆದೆ. ಉತ್ತರ ಬರಲಿಲ್ಲ. ಎದೆ ಒಡೆದು ಹೋಗುತ್ತದೆ ಅನ್ನುವಷ್ಟು ತುಳಿದೆ. ಆದರೂ ಮುಕ್ಕಾಲು ಗಂಟೆ ಹಿಡಿಯಿತು. ಕೆರೆ ಏರಿ ಇಳಿಯುವ ಜಾಗಕ್ಕೆ ಬಂದಾಗ ಹೊಂಗೆ ಮರದ ಕೆಳಗೆ ಗಂಗಮ್ಮ ಮಲಗಿದ್ದಳು. ಪಕ್ಕದಲ್ಲಿ ತೋಟದ ಕೆಲಸದ ಹೆಂಗಸೊಬ್ಬಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅವಳ ಗಂಡ ಆಟೋ ತರಲು ಊರೊಳಗೆ ಹೋಗಿದ್ದ.

ಗಂಗಮ್ಮನ ಕಣ್ಣು ಅರ್ಧ ತೆರೆದಿತ್ತು. ಮುಖ ತೊಳೆದ ಹಾಗೆ ಒದ್ದೆ. ಹೆಲ್ಮೆಟ್ ತೆಗೆದು ತಲೆ ಪಕ್ಕದಲ್ಲಿ ಇಟ್ಟಿತ್ತು. ಸೈಕಲ್ ಬಿದ್ದಿರಲಿಲ್ಲ, ಸ್ಟ್ಯಾಂಡ್ ಹಾಕಿ ನೆರಳಿನಲ್ಲಿ ನಿಲ್ಲಿಸಿತ್ತು.

“ನೀವು ಮಾಡಿದ್ರಾ ಇದೆಲ್ಲ? ಪುಣ್ಯ ಬರ್ಲಿ ತಾಯಿ” ಎಂದೆ.

“ನಾವೇನೂ ಮಾಡಿಲ್ಲ ಕಣಮ್ಮ. ಕಾಲು ಗಂಟೆ ಆಯ್ತು ನಾವು ನೋಡಿ. ಹಿಂಗೇ ಮಲಗವ್ರೆ. ಬಾಯಲ್ಲಿ ಕಲ್ಲುಸಕ್ಕರೆ ಐತೆ ನೋಡಿ. ಯಾರೋ ಹಾಕಿ ಹೋಗವ್ರೆ.”

ಬಗ್ಗಿ ನೋಡಿದೆ. ಕೆನ್ನೆಯ ಒಳಗೆ ಕರಗಿ ಉಳಿದ ಕಲ್ಲುಸಕ್ಕರೆಯ ಚೂರು. ಗಂಗಮ್ಮನ ಹತ್ತಿರ ಕಲ್ಲುಸಕ್ಕರೆ ಇರಲಿಲ್ಲ. ಸಕ್ಕರೆ ಕಾಯಿಲೆಯವಳು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳುವವಳು ನಾನು. ಸೈಕಲ್ ತುಳಿಯುವಾಗ ಬಾಯಿ ಒಣಗುತ್ತದೆಂದು ಎಲೆ ಅಡಿಕೆ ಚೀಲದಲ್ಲಿ ನಾಲ್ಕು ಚೂರು ಹಾಕಿಕೊಂಡಿರುತ್ತೇನೆ.

ಗುಬ್ಬಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಡಾಕ್ಟರ್ ಹೊರಗೆ ಬಂದು, “ಶುಗರ್ ಪೂರ್ತಿ ಇಳಿದುಹೋಗಿತ್ತು. ಬಾಯಿಗೆ ಸಕ್ಕರೆ ಬಿದ್ದಿದ್ದಕ್ಕೆ ಉಳಿದಿದಾರೆ. ಹಾಕಿದ್ದು ಯಾರು?” ಎಂದರು. ಅಷ್ಟು ಹೊತ್ತಿಗೆ ಶೈಲಾ ಬಂದಿದ್ದಳು. ಬಂದವಳೇ ನನ್ನ ಮೇಲೆ ಹರಿಹಾಯ್ದಿದ್ದಳು. ‘ನೋಡ್ಕೋತೀನಿ ಅಂದ್ರಲ್ಲ ಆಂಟಿ, ಹಿಂಗೇನಾ ನೋಡ್ಕೊಳ್ಳೋದು? ಒಂದು ಸಲ ಹಿಂದೆ ತಿರುಗಿ ನೋಡೋಕಾಗ್ಲಿಲ್ವಾ?’ ಎಂದು ಆಸ್ಪತ್ರೆಯ ತುಂಬ ಕೇಳುವ ಹಾಗೆ ಕೂಗಿದ್ದಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಸಂಜೆ ಗಂಗಮ್ಮನಿಗೆ ಪೂರ್ತಿ ಎಚ್ಚರ ಬಂತು. ಮಗಳು ನನ್ನನ್ನು ಬೈಯುತ್ತಿರುವುದು ಕಿವಿಗೆ ಬಿದ್ದು, “ಅವಳ್ನ ಯಾಕೆ ಬೈತೀಯೇ? ಅವಳಿಲ್ದಿದ್ರೆ ನೀನು ಇವತ್ತು ನನ್ ಹೆಣ ನೋಡ್ತಿದ್ದೆ” ಎಂದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಏರಿ ಇಳಿಯೋ ಹೊತ್ಗೇ ಕಣ್ಣು ಕತ್ಲೆ ಬಂತು. ಇವಳು ಮುಂದೆ ಎರಡು ಬೆಲ್ ಹೊಡೆದಿದ್ದು ಕೇಳಿಸ್ತು. ನಂಗೆ ಹೊಡೆಯಕ್ಕೆ ಕೈಯೇ ಏಳ್ಲಿಲ್ಲ. ನಾನು ಹೊಡೀದೇ ಇದ್ದಿದ್ಕೇ ಇವಳಿಗೆ ಗೊತ್ತಾಯ್ತು. ಬಂದ್ಲು. ಸೈಕಲ್ ಇಸ್ಕೊಂಡ್ಲು. ನೆರಳಲ್ಲಿ ಮಲಗ್ಸಿ ಮುಖಕ್ಕೆ ನೀರು ಹಾಕಿ ಬಾಯಿಗೆ ಸಕ್ಕರೆ ಇಟ್ಲು. ಬೈಲೇ ಇಲ್ಲ ಕಣೇ. ಯಾವಾಗ್ಲೂ ಬೈಯೋಳು, ಒಂದು ಮಾತೂ ಆಡದೆ ಕೈ ಹಿಡ್ಕೊಂಡು ಕೂತಿದ್ಲು.”

ಶೈಲಾ ಅಳುತ್ತಾ ನನ್ನ ಕಾಲಿಗೆ ಬಿದ್ದಳು. ಆಗ ನಾನು ಹೇಳಬೇಕಿತ್ತು. ನಾನು ಬಂದಿಲ್ಲ, ನಾನು ಆ ಹೊತ್ತಿಗೆ ಬಯಲು ದಾಟಿ ಹೋಗಿದ್ದೆ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಬೈಸಿಕೊಂಡು ಸಾಕಾಗಿತ್ತೋ, ಹೆದರಿಕೆಯೋ, ಎರಡೂ ಇರಬಹುದು. ಬಾತ್‌ರೂಮಿಗೆ ಹೋಗಿ ಎಲೆ ಅಡಿಕೆ ಚೀಲ ಬಿಚ್ಚಿ ನೋಡಿದೆ. ಕಲ್ಲುಸಕ್ಕರೆ ಎರಡೇ ಚೂರು ಇತ್ತು. ಬೆಳಗ್ಗೆ ನಾಲ್ಕು ಹಾಕಿದ್ದೆನೇ, ಎರಡೇ ಹಾಕಿದ್ದೆನೇ, ದಾರಿಯಲ್ಲಿ ನಾನೇ ತಿಂದೆನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇವತ್ತಿಗೂ ಇಲ್ಲ.

ಎರಡೂವರೆ ವರ್ಷ ನಾನು ಸುಮ್ಮನಿದ್ದೆ. ಗಂಗಮ್ಮ ಬಡಾವಣೆಯವರಿಗೆಲ್ಲ ಈ ಕತೆ ಹೇಳಿದಳು. ಶೈಲಾ ಹಬ್ಬಕ್ಕೆ ನನಗೊಂದು ಸೀರೆ ಕೊಟ್ಟಳು. ಆ ಸೀರೆ ನಾನು ಉಟ್ಟಿಲ್ಲ. ಈ ನಡುವೆ ಒಂದು ಸಲ ಬಸ್ಸಿನಲ್ಲಿ ಕಡಬಕ್ಕೆ ಹೋಗಿ ಓರಗಿತ್ತಿಯನ್ನು ಕರೆದುಕೊಂಡು ಆ ಹೊಂಗೆ ಮರದ ಸುತ್ತಲ ತೋಟದವರನ್ನೆಲ್ಲ ವಿಚಾರಿಸಿದೆ. ಅವತ್ತು ಒಬ್ಬ ಮುದುಕಿಗೆ ನೀರು ಕೊಟ್ಟವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ನಾವು ಎಂದು ಒಬ್ಬರೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದವರು ಅದನ್ನು ಬಚ್ಚಿಡುವುದು ನಮ್ಮ ಕಡೆ ಕಡಿಮೆ.

ಕಾವ್ಯಳಿಗೆ ಮಾತ್ರ ಹೇಳಿದ್ದೆ. ಅವಳು ನಗಲಿಲ್ಲ, ಕೂತು ಕೇಳಿದಳು. “ಅಜ್ಜಿ, ಇಪ್ಪತ್ತೆರಡು ವರ್ಷ ಉತ್ತರ ಕೇಳಿ ಕೇಳಿ ನಿನ್ ಕಿವಿ ತಾನೇ ತುಂಬ್ಕೊಂಡಿರುತ್ತೆ. ಶುಗರ್ ಇಳಿದಾಗ ಅವ್ರಿಗೆ ಏನೇನೋ ಕಂಡಿರುತ್ತೆ. ಸಕ್ಕರೆ ಯಾರೋ ದಾರಿಹೋಕರು ಹಾಕಿರ್ತಾರೆ” ಎಂದಳು. ಒಂದೊಂದಾಗಿ ತೆಗೆದುಕೊಂಡರೆ ಸರಿಯೇ. ಹಾಗೇ ಇರಲಿ ಎಂದು ನಾನೂ ಬಿಟ್ಟುಬಿಡುತ್ತಿದ್ದೆನೇನೋ.

ಬಿಡಲಾಗದ ಹಾಗೆ ಮಾಡಿದ್ದು ಗಂಗಮ್ಮ. ಅವಳು ಸೋಮವಾರದ ಒಪ್ಪತ್ತು ಮತ್ತೆ ಶುರು ಮಾಡಿದಳು. ಡಾಕ್ಟರ್ ಬೇಡ ಎಂದಿದ್ದರು, ಮಗಳು ಬೇಡ ಎಂದಿದ್ದಳು. ಮೊದಲು ಹಾಲು ಹಣ್ಣಾದರೂ ಇತ್ತು, ಈಗ ಅದನ್ನೂ ಬಿಟ್ಟಳು. ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಒಬ್ಬಳೇ ನಡೆದುಕೊಂಡು ದೇವಸ್ಥಾನಕ್ಕೆ ಹೋಗಿಬರುತ್ತಿದ್ದಳು. ನಾನು ಬೈದೆ. ಅವಳು ನಕ್ಕಳು.

“ಏನಾಯ್ತದೆ ಬುಡೇ. ಬಿದ್ರೆ ನೀನು ಬರಲ್ವಾ? ಅವತ್ತು ಬರ್ಲಿಲ್ವಾ?”

ಆ ಮಾತು ಕೇಳಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನು ಬರುತ್ತೇನೆ ಎಂಬ ಧೈರ್ಯದ ಮೇಲೆ ಅವಳು ಹಸಿದುಕೊಂಡಿದ್ದಳು. ನಾನೋ ಅವತ್ತು ಬಂದವಳೇ ಅಲ್ಲ. ಇನ್ನೊಂದು ಸೋಮವಾರ ಅವಳು ಎಲ್ಲಾದರೂ ಬಿದ್ದು, ಯಾರೂ ಬರದೆ ಹೋದರೆ, ಅದು ನನ್ನ ಸುಳ್ಳಿನಿಂದಲೇ ಆದ ಸಾವು. ಮಂಗಳವಾರ ಹೋದೆ, ಶೈಲಾ ಆಫೀಸಿಗೆ ಹೋದ ಹೊತ್ತು ನೋಡಿಕೊಂಡು. ಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ನಾಲ್ಕು ಸಲ ಬಂದ ಉತ್ತರ, ಟೀ ಅಂಗಡಿ, ಬ್ಯಾಗಿನಲ್ಲಿ ಹೊಡೆದುಕೊಂಡ ಫೋನು, ಮುಕ್ಕಾಲು ಗಂಟೆ ತುಳಿದು ವಾಪಸ್ ಬಂದದ್ದು. ನಿನ್ನ ಪಕ್ಕದಲ್ಲಿ ಕೂತಿದ್ದವಳು ನಾನಲ್ಲ ಎಂದೆ.

ಅವಳು ಮೊದಲು ನಂಬಲಿಲ್ಲ. “ತಮಾಸೆ ಮಾಡ್ಬೇಡ” ಎಂದಳು. ನನ್ನ ಮುಖ ನೋಡಿದಳು, ಆಮೇಲೆ ಅವರೆಕಾಯಿ ಪಕ್ಕಕ್ಕಿಟ್ಟು ನನ್ನ ಬಲಗೈ ಹಿಡಿದಳು. ವರ್ಕ್‌ಶಾಪಿನಲ್ಲಿ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ನನ್ನ ತೋರುಬೆರಳಿನ ಮೇಲಿನ ಗಿಣ್ಣು ಹೋಗಿದೆ. ಆ ಮೊಂಡು ಬೆರಳನ್ನು ಹೆಬ್ಬೆರಳಿನಿಂದ ಸವರಿದಳು.

“ಇದೇ ಕೈ ಕಣೇ. ಅವತ್ತು ಕಣ್ಣು ಮಂಜಾಗಿತ್ತು, ಮುಖ ಸರಿಯಾಗಿ ಕಾಣ್ಲಿಲ್ಲ. ಈ ಬೆರಳು ಸಿಕ್ತು. ಅದಕ್ಕೇ ನೀನು ಅಂತ ಧೈರ್ಯ ಬಂತು. ಇಂಥ ಬೆರಳು ಇನ್ಯಾರಿಗೈತೆ?”

“ನಾನಲ್ಲ ಗಂಗಮ್ಮ.”

“ಹಂಗಾದ್ರೆ ಅದು ಯಾರೇ?”

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಟ್ಟಳು. ಬಿಸಿ ಪಾತ್ರೆಯನ್ನು ಗೊತ್ತಿಲ್ಲದೆ ಹಿಡಿದವರು ಎತ್ತಿ ಎಸೆಯುವುದಿಲ್ಲವೇ, ಹಾಗಲ್ಲ. ನಿಧಾನವಾಗಿ, ನೆಲದ ಮೇಲೆ ಇಡುವ ಹಾಗೆ ಬಿಟ್ಟಳು. ಆಮೇಲೆ ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ಆ ವಾರದಿಂದಲೇ ಸೋಮವಾರ ಬೆಳಗ್ಗೆ ಊಟ ಮಾಡಲು ಶುರು ಮಾಡಿದಳು. ಶೈಲಾ ಖುಷಿಯಿಂದ ನನಗೆ ಫೋನ್ ಮಾಡಿ ಹೇಳಿದಳು. ಹೇಳಿದ್ದರಿಂದ ಅವಳ ಜೀವ ಉಳಿದಿರಬಹುದು, ಆ ಮಟ್ಟಿಗೆ ನಾನು ಮಾಡಿದ್ದು ಸರಿ. ಆದರೆ ಅವಳು ಆ ಕತೆಯನ್ನು ಯಾರಿಗೂ ಹೇಳುವುದನ್ನು ಬಿಟ್ಟಳು. ಒಬ್ಬಳೇ ಮಲಗುವುದನ್ನೂ ಬಿಟ್ಟು ಮಗಳ ರೂಮಿಗೆ ಹಾಸಿಗೆ ಹಾಕಿಸಿಕೊಂಡಳು. ಅಷ್ಟು ದಿನ ಅದು ಅವಳಿಗೆ ಧೈರ್ಯದ ನೆನಪಾಗಿತ್ತು. ನಾನು ಅದನ್ನು ಹೆದರಿಕೆಯ ನೆನಪು ಮಾಡಿಬಿಟ್ಟೆ.

ನನಗೆ ಕೊರೆಯುವುದು ಇನ್ನೊಂದಿದೆ. ಅವಳ ಹತ್ತಿರ ಬಂದದ್ದು ಯಾವುದೇ ಇರಲಿ, ನೀರು ಕೊಟ್ಟಿತು, ಸಕ್ಕರೆ ಕೊಟ್ಟಿತು, ಕೈ ಹಿಡಿದು ಕೂತಿತು. ಒಳ್ಳೆಯದನ್ನೇ ಮಾಡಿತು. ನನ್ನ ಹಿಂದೆ ಬಂದದ್ದು ಏನು ಮಾಡಿತು? ನಾನು ತಿರುಗಿ ಹೋಗಬೇಕಾದ ನಾಲ್ಕು ಸಲವೂ ಬೆಲ್ ಹೊಡೆದು, ಎಲ್ಲ ಸರಿಯಾಗಿದೆ, ಮುಂದೆ ಹೋಗು ಎಂದಿತು. ಎರಡೂ ಒಂದೇ ಆಗಿದ್ದರೆ ನನ್ನನ್ನು ಯಾಕೆ ದೂರ ಇಟ್ಟಿತು? ಬೇರೆ ಬೇರೆ ಆಗಿದ್ದರೆ, ನನ್ನ ಹಿಂದೆ ಇದ್ದದ್ದು ಏನು? ಅಥವಾ ಏನೂ ಇರಲೇ ಇಲ್ಲವೇ? ತಿರುಗಿ ನೋಡಲು ನನಗೇ ಮನಸ್ಸಿರಲಿಲ್ಲ, ಅದಕ್ಕೆ ನನ್ನ ಸಿಟ್ಟೇ ಆ ಸದ್ದನ್ನು ಮಾಡಿಕೊಂಡಿತೇ? ಈ ಕೊನೆಯದು ಒಂದೇ ನನಗೆ ದೆವ್ವಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಕಾವ್ಯ ಏನು ಹೇಳಿದರೂ, ಆ ಸದ್ದು ಕಿವಿಗೆ ಬಿದ್ದದ್ದು ನಿಜ. ಅದಕ್ಕಿಂತ ಮುಂದೆ ನನಗೆ ಏನೂ ಗೊತ್ತಿಲ್ಲ.

ಹೋದ ತಿಂಗಳು ನಾವಿಬ್ಬರೂ ಗುಬ್ಬಿಗೆ ಒಂದು ಮದುವೆಗೆ ಹೊರಟೆವು. ನಮ್ಮ ನಡುವೆ ಜಗಳವೇನೂ ಇಲ್ಲ. ಮಾತಾಡುತ್ತೇವೆ, ಅವರ ಮನೆ ಸಾರು ನಮ್ಮ ಮನೆಗೆ ಬರುತ್ತದೆ. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಮೊದಲು ಹತ್ತಿದೆ. ಮೆಟ್ಟಿಲು ಎತ್ತರ, ಅವಳಿಗೆ ಮಂಡಿ ನೋವು. “ಬಾರೇ” ಎಂದು ಬಗ್ಗಿ ಕೈ ಚಾಚಿದೆ.

ಅವಳು ನನ್ನ ಕೈಯನ್ನೇ ನೋಡಿದಳು. ಹಿಂದೆ ನಿಂತಿದ್ದವರು ‘ಬೇಗ ಹತ್ತಮ್ಮ, ಬೇಗ’ ಎಂದು ಗಲಾಟೆ ಮಾಡುತ್ತಿದ್ದರು. ಗಂಗಮ್ಮ ಕಂಬ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿಕೊಂಡು, ತಾನೇ ಹತ್ತಿದಳು.